ಅಮ್ಮನ ಬೀಜದ ಮಡಕೆಗೂ ಹೊಸ ಬೀಜ ಮಸೂದೆಗೂ ಏನು ಸಂಬಂಧ?

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದಲ್ಲಿ ಇದ್ದೇನೆ. ಊರು ಮಾಗಡಿ ತಾಲ್ಲೂಕು, ಮೂರು ಎಕರೆ ಜಮೀನು. ಅಮ್ಮ ರಾಗಿ, ಅವರೆ, ತೊಗರಿ ಬೀಜವನ್ನು ಪ್ರತಿವರ್ಷ ಮನೆಯಲ್ಲೇ ಎತ್ತಿಡುತ್ತಾರೆ, ಕೇಳಿದವರಿಗೆ ಕೊಡುತ್ತಾರೆ. ಎರಡು ವರ್ಷದಿಂದ ನಾನು ಅದೇ ಬೀಜವನ್ನು ಸಣ್ಣ ಪೊಟ್ಟಣ ಕಟ್ಟಿ, ನಮ್ಮದೇ ಒಂದು ಹೆಸರು ಅಚ್ಚು ಹಾಕಿಸಿ, ಬೆಂಗಳೂರಿನ ಭಾನುವಾರದ ಸಂತೆಯಲ್ಲಿ ಕೈತೋಟದವರಿಗೆ ಮಾರುತ್ತಿದ್ದೇನೆ. ಹೊಸ ಬೀಜ ಕಾನೂನು ಬಂದರೆ ಮನೆಯಲ್ಲಿ ಬೀಜ ಇಟ್ಟುಕೊಂಡವರಿಗೂ 30 ಲಕ್ಷ ರೂಪಾಯಿ ದಂಡ, 3 ವರ್ಷ ಜೈಲು ಎಂದು ವಾಟ್ಸ್‌ಆ್ಯಪ್‌ನಲ್ಲಿ ಓದಿ ಅಮ್ಮ ಹೆದರಿದ್ದಾರೆ. ಇತ್ತ ಕಳೆದ ವರ್ಷ ನರ್ಸರಿಯಿಂದ ತಂದು ಅರ್ಧ ಎಕರೆಗೆ ನೆಟ್ಟ ಹೈಬ್ರಿಡ್ ಟೊಮೆಟೊ ಸಸಿ ಕೈಕೊಟ್ಟಿತು. ಒಂದೇ ಸಾಲಿನಲ್ಲಿ ಒಂದು ಗಿಡದಲ್ಲಿ ಉದ್ದ ಕಾಯಿ, ಪಕ್ಕದ ಗಿಡದಲ್ಲಿ ಚಪ್ಪಟೆ ಕಾಯಿ. ಮಂಡಿಯಲ್ಲಿ ಕೇಳುವವರಿಲ್ಲ. ನರ್ಸರಿಯವರು ಹವಾಮಾನದ ಮೇಲೆ ಹಾಕಿದರು. ನಮ್ಮ ಬಳಿ ಇರುವುದು ಕೈಬರಹದ ಚೀಟಿ ಮತ್ತು ಮೊಬೈಲ್ ಫೋಟೊಗಳು ಮಾತ್ರ. ಅಮ್ಮನನ್ನು ಹಿಡಿಯುವ ಕಾನೂನು ಆ ಸಸಿ ಮಾರಿದವರನ್ನು ಯಾಕೆ ಹಿಡಿಯುವುದಿಲ್ಲ?

ಉತ್ತರ: ನಿಮ್ಮ ತಾಯಿಯವರಿಗೆ ಇಂದೇ ಫೋನ್ ಮಾಡಿ ಹೇಳಿ, ಅವರ ಬೀಜದ ಮಡಕೆಗೆ ಯಾರೂ ಕೈ ಹಾಕುವುದಿಲ್ಲ. ಇಂದಿನ ಕಾನೂನಿನಲ್ಲೂ ಇಲ್ಲ, ಹೊಸ ಕಾನೂನಿನ ಕರಡಿನಲ್ಲೂ ಇಲ್ಲ. ಬೀಜ ಪರೀಕ್ಷೆಯ ಕೆಲಸದಲ್ಲಿ ಇಪ್ಪತ್ತೆಂಟು ವರ್ಷ ಕಳೆದವನು ನಾನು. ಮನೆಯಲ್ಲಿ ಬೀಜ ಎತ್ತಿಟ್ಟಿದ್ದಕ್ಕೆ ಒಬ್ಬ ರೈತರ ಮೇಲಾದರೂ ಬೀಜ ಕಾಯ್ದೆಯಡಿ ಮೊಕದ್ದಮೆ ಹೂಡಿದ್ದನ್ನು ನಾನು ಕಂಡಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಮೂರು ಬೀಜಗಳಿವೆ: ಅಮ್ಮನ ಮಡಕೆಯದು, ನಿಮ್ಮ ಪೊಟ್ಟಣದ್ದು, ನರ್ಸರಿಯ ಸಸಿಯದು. ಮೂರಕ್ಕೂ ಕಾನೂನು ಬೇರೆ ಬೇರೆ. ಅವನ್ನು ಕಲಸಿದ್ದರಿಂದಲೇ ಈ ಗಾಬರಿ ಹುಟ್ಟಿದೆ.

ಮೊದಲು ವದಂತಿಯ ಬೇರು ನೋಡೋಣ. ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರಿನಲ್ಲಿ ಬೀಜ ಮಸೂದೆಯ ಕರಡು ಹೊರಡಿಸಿ, ಡಿಸೆಂಬರ್ 11ರವರೆಗೆ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಅದರಲ್ಲಿ ದೊಡ್ಡ ಅಪರಾಧಗಳಿಗೆ 30 ಲಕ್ಷ ರೂಪಾಯಿವರೆಗೆ ದಂಡ ಮತ್ತು 3 ವರ್ಷದವರೆಗೆ ಸೆರೆವಾಸ ಇರುವುದು ನಿಜ. ನಿಮ್ಮ ತಾಯಿಯವರಿಗೆ ಬಂದ ಸಂದೇಶ ಈ ಅಂಕಿಗಳನ್ನು ಸರಿಯಾಗಿಯೇ ಎತ್ತಿಕೊಂಡಿದೆ. ಯಾರಿಗೆ ಎಂಬುದನ್ನು ಮಾತ್ರ ತಪ್ಪಿಸಿದೆ. ನಕಲಿ ಅಥವಾ ನೋಂದಣಿಯಾಗದ ಬೀಜವನ್ನು ವ್ಯಾಪಾರಕ್ಕೆ ಇಡುವವರಿಗೆ ಬರೆದ ಶಿಕ್ಷೆ ಅದು. ರೈತರ ಬಗ್ಗೆ ಅದೇ ಕರಡು ಬೇರೆಯಾಗಿ ಹೇಳುತ್ತದೆ: ತನ್ನ ಹೊಲದ ಬೀಜವನ್ನು ಬಿತ್ತುವ, ಮತ್ತೆ ಬಿತ್ತುವ, ಉಳಿಸಿಕೊಳ್ಳುವ, ವಿನಿಮಯ ಮಾಡುವ, ಹಂಚುವ, ಮಾರುವ ಹಕ್ಕಿಗೆ ಧಕ್ಕೆಯಿಲ್ಲ, ಬ್ರ್ಯಾಂಡ್ ಹೆಸರಿನಲ್ಲಿ ಮಾರುವುದೊಂದನ್ನು ಬಿಟ್ಟು. ಕರಡಿನ ಮಾತುಗಳು ಸಂಸತ್ತಿನಲ್ಲಿ ಬದಲಾಗಬಹುದು. 2004ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಬೀಜ ಮಸೂದೆ ಸ್ಥಾಯಿ ಸಮಿತಿ, ತಿದ್ದುಪಡಿ ಎಂದೆಲ್ಲ ಸುತ್ತಾಡಿ ಕೊನೆಗೂ ಕಾಯ್ದೆಯಾಗಲಿಲ್ಲ. ಹಾಗಿದ್ದರೂ ಈ ಹಕ್ಕು ಕರಡಿನ ಕೃಪೆಯಿಂದ ಬಂದದ್ದಲ್ಲ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರಲ್ಲೇ ಬಂದಿದೆ. ಅದರ ಸೆಕ್ಷನ್ 39 ಇದೇ ಹಕ್ಕನ್ನು ಕಂಪನಿಗಳು ಹಕ್ಕುಸ್ವಾಮ್ಯ ಪಡೆದ ತಳಿಗಳಿಗೂ ವಿಸ್ತರಿಸುತ್ತದೆ.

ನಿಮ್ಮ ತಾಯಿಯವರ ಭಯಕ್ಕೆ ಬುಡವೇ ಇಲ್ಲ ಎಂದು ನಾನು ಹೇಳಲಾರೆ. 2019ರಲ್ಲಿ ಗುಜರಾತಿನ ನಾಲ್ವರು ಆಲೂಗಡ್ಡೆ ಬೆಳೆಗಾರರ ಮೇಲೆ ಪೆಪ್ಸಿಕೊ ಕಂಪನಿ ತನ್ನ ಎಫ್‌ಸಿ-5 ತಳಿ ಬೆಳೆದರೆಂದು ಮೊಕದ್ದಮೆ ಹೂಡಿ, ಒಬ್ಬೊಬ್ಬರಿಂದ ಒಂದು ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೇಳಿತ್ತು. ದೇಶವೆಲ್ಲ ಗಲಾಟೆಯಾದ ಮೇಲೆ ಆ ಮೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. ಸೆಕ್ಷನ್ 39 ಇದ್ದೂ ಹೀಗಾಯಿತು. ಮೂರ್ನಾಲ್ಕು ಎಕರೆ ಇರುವವರ ಕೈಗೆ ಕೋಟಿಯ ನೋಟಿಸು ಬಂದರೆ ಹಕ್ಕು ಇದೆಯೋ ಇಲ್ಲವೋ ಎಂದು ಯೋಚಿಸುವ ಧೈರ್ಯ ಎಲ್ಲಿಂದ ಬರಬೇಕು? ಬೆಂಗಳೂರಿಗೂ ಈ ಆತಂಕ ಹಳೆಯದು. 1992ರ ಡಿಸೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘದವರು ಇಲ್ಲಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಬೀದಿಗೆ ಎಸೆದಿದ್ದರು. ದಾರಿಯ ಬಗ್ಗೆ ಯಾರು ಏನೇ ಹೇಳಲಿ, ಅಂದು ಎದ್ದ ಪ್ರಶ್ನೆ ದೊಡ್ಡದು: ಬೀಜ ಯಾರದ್ದು? ಆ ಕೂಗು ಇರದಿದ್ದರೆ 2001ರ ಕಾಯ್ದೆಯ ಹೆಸರಿನಲ್ಲಿ ‘ರೈತರ ಹಕ್ಕುಗಳು’ ಎಂಬ ಮಾತು ಸೇರುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಇನ್ನು ನಿಮ್ಮ ಪೊಟ್ಟಣ. ಇಲ್ಲಿ ನಾನು ಸ್ವಲ್ಪ ನಿಷ್ಠುರವಾಗಿ ಹೇಳಬೇಕಾಗುತ್ತದೆ. ಅಮ್ಮನ ಕೈಯಿಂದ ಪಕ್ಕದ ಮನೆಯವರ ಮೊರಕ್ಕೆ ಹೋಗುವ ಬೀಜಕ್ಕೂ, ನಿಮ್ಮ ಹೆಸರು ಹೊತ್ತು ವಿಜಯನಗರದ ಅಪರಿಚಿತರ ಕೈಗೆ ಹೋಗುವ ಬೀಜಕ್ಕೂ ಕಾನೂನಿನ ಕಣ್ಣಲ್ಲಿ ವ್ಯತ್ಯಾಸವಿದೆ. ಈಗ ಜಾರಿಯಲ್ಲಿರುವ 1966ರ ಬೀಜ ಕಾಯ್ದೆಯ ಸೆಕ್ಷನ್ 24 ಕೊಡುವ ವಿನಾಯಿತಿ, ತಾನೇ ಬೆಳೆದ ಬೀಜವನ್ನು ತನ್ನ ಜಾಗದಲ್ಲೇ, ಬಿತ್ತುವವರಿಗೆ ನೇರವಾಗಿ ಕೊಡುವುದಕ್ಕೆ. ಸಂತೆಯ ಮಳಿಗೆ ನಿಮ್ಮ ಜಾಗವಲ್ಲ. ಬೀಜ ಮಾರುವುದನ್ನು ವ್ಯಾಪಾರವಾಗಿ ನಡೆಸುವವರಿಗೆ 1983ರ ಬೀಜ ನಿಯಂತ್ರಣ ಆದೇಶದಂತೆ ಪರವಾನಗಿ ಬೇಕು. ಹೊಸ ಕರಡು ಈ ಎರಡನ್ನೂ ತೆಗೆದು ಅವುಗಳ ಜಾಗದಲ್ಲಿ ತಾನು ಕೂರಲು ಹೊರಟಿದೆ. ಬ್ರ್ಯಾಂಡ್ ಹೆಸರು ಹಾಕಿದ ಕೂಡಲೇ ರೈತರ ವಿನಾಯಿತಿ ಮುಗಿಯಿತು ಎಂಬುದು ಅದರಲ್ಲಿ ಇನ್ನೂ ಸ್ಪಷ್ಟ.

ನಾಟಿ ಬೀಜ ಮಾರುವವರಿಗೂ ಇಷ್ಟು ಕಟ್ಟುಪಾಡು ಯಾಕೆ ಎಂದು ನಿಮಗೆ ಸಿಟ್ಟು ಬರಬಹುದು. ಎರಡು ಸಂಗತಿ ಹೇಳುತ್ತೇನೆ.

ರೈತರು ‘ನಮ್ಮಜ್ಜನ ಕಾಲದ ನಾಟಿ ರಾಗಿ’ ಎಂದು ತಂದುಕೊಟ್ಟ ತೆನೆಗಳನ್ನು ಎಷ್ಟೋ ಸಲ ನೋಡಿದ್ದೇನೆ. ಸಾಲಿನಲ್ಲಿ ಬಿತ್ತಿ, ಹೂವು ಬರುವ ದಿನ, ಗಿಡದ ಎತ್ತರ, ತೆನೆಯ ಆಕಾರ ಗುರುತು ಹಾಕಿದರೆ ಅದು ಜಿಪಿಯು-28 ಆಗಿರುತ್ತದೆ. ಬೆಂಕಿ ರೋಗಕ್ಕೆ ಜಗ್ಗದ ತಳಿಯೆಂದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಹೊರಟು ಹಳೆ ಮೈಸೂರಿನ ಹೊಲಗಳನ್ನೆಲ್ಲ ತುಂಬಿದ ತಳಿ ಅದು. ಕೆಲವೊಮ್ಮೆ ಮಂಡ್ಯದ ವಿ.ಸಿ. ಫಾರ್ಮ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ‘ರಾಗಿ ಲಕ್ಷ್ಮಣಯ್ಯ’ನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ತೆಗೆದ ಇಂಡಾಫ್ ತಳಿಗಳ ಚಹರೆ ಕಾಣುತ್ತದೆ. ಅಜ್ಜ ಬಿತ್ತಿದ್ದು ನಿಜ, ಮೊಮ್ಮಗ ನಂಬಿದ್ದೂ ನಿಜ. ರಾಗಿ ತನ್ನ ಪರಾಗವನ್ನೇ ತಾನು ಬಳಸಿಕೊಳ್ಳುವ ಬೆಳೆ. ಹಾಗಾಗಿ ಇಪ್ಪತ್ತು ವರ್ಷ ಮನೆಯಲ್ಲೇ ಉಳಿಸಿದರೂ ಗುಣ ಹೆಚ್ಚು ಕೆಡುವುದಿಲ್ಲ, ಮನೆಯ ಮಗಳಂತೆ ಹೊಂದಿಕೊಂಡುಬಿಡುತ್ತದೆ. ಅದನ್ನು ಬಿತ್ತಲು, ಹಂಚಲು ನಿಮಗೆ ಪೂರ್ತಿ ಹಕ್ಕಿದೆ. ಪೊಟ್ಟಣದ ಮೇಲೆ ‘ಅಪ್ಪಟ ನಾಟಿ’ ಎಂದು ಅಚ್ಚು ಹಾಕಿಸಿದರೆ ಮಾತ್ರ ತಪ್ಪು ಹೆಸರಿನ ಬೀಜ ಮಾರಿದಂತಾಗುತ್ತದೆ.

ಇನ್ನೊಂದು ನಿಮ್ಮ ಅವರೆಯದು. ಮಾಗಡಿಯ ಸೊಗಡಿನ ಅವರೆ ಹಗಲು ಗಿಡ್ಡವಾಗುವುದನ್ನು ಕಾದು ಹೂವಿಗೆ ಬರುವ ಬಳ್ಳಿ. ಮುಂಗಾರಿನಲ್ಲಿ ರಾಗಿಯೊಂದಿಗೆ ಅಕ್ಕಡಿ ಸಾಲಿನಲ್ಲಿ ಬಿತ್ತಿ, ಧನುರ್ಮಾಸದ ಚಳಿಯಲ್ಲಿ ಕಾಯಿ ಕೊಯ್ಯುವುದು ನಿಮ್ಮಮ್ಮನಿಗೆ ಉಸಿರಾಟದಷ್ಟು ಸಹಜ. ಅದೇ ಬೀಜವನ್ನು ಬೆಂಗಳೂರಿನ ಗ್ರಾಹಕರೊಬ್ಬರು ಫೆಬ್ರುವರಿಯಲ್ಲಿ ತಾರಸಿಯ ಕುಂಡಕ್ಕೆ ಹಾಕುತ್ತಾರೆ ಎನ್ನಿ. ಬಳ್ಳಿ ಕಿಟಕಿ ಸರಳು ಹಿಡಿದು ಮೇಲೇರುತ್ತದೆ, ಎಲೆ ದಟ್ಟವಾಗುತ್ತದೆ, ತಿಂಗಳುಗಟ್ಟಲೆ ಒಂದು ಹೂವೂ ಇಲ್ಲ. ಅವರು ನಿಮ್ಮ ಬೀಜವನ್ನು ಬೈಯುತ್ತಾರೆ. ಬೀಜ ಒಳ್ಳೆಯದೇ, ಕಾಲ ತಪ್ಪಿತ್ತು. ಯಾವ ಕಾಲದಲ್ಲಾದರೂ ಕಾಯಿ ಬಿಡಲೆಂದು ಕೃಷಿ ವಿಶ್ವವಿದ್ಯಾಲಯ ಹೊರತಂದ ಹೆಬ್ಬಾಳ ಅವರೆ ಎಚ್‌ಎ-4 ಬೇರೆ, ನಿಮ್ಮದು ಬೇರೆ. ಇದನ್ನು ಪೊಟ್ಟಣದ ಮೇಲೆ ಎರಡು ಸಾಲಿನಲ್ಲಿ ಬರೆದಿದ್ದೀರಾ? ಬರೆಯದಿದ್ದರೆ, ನರ್ಸರಿಯವರು ನಿಮಗೆ ಮಾಡಿದ್ದರಲ್ಲಿ ಒಂದು ಚೂರನ್ನು ನೀವೂ ಯಾರಿಗೋ ಮಾಡಿದ್ದೀರಿ. ಇದು ನೋಯಿಸಲು ಹೇಳಿದ ಮಾತಲ್ಲ. ಬೀಜ ನೆಲದಲ್ಲಿ ಬಿದ್ದು ತಿಂಗಳುಗಳಾದ ಮೇಲೆ ಮಾತ್ರ ತನ್ನ ನಿಜ ತೋರಿಸುವ ಸರಕು. ಕೊಳ್ಳುವವರಿಗೆ ಅಲ್ಲಿಯವರೆಗೆ ಇರುವ ಆಧಾರವೆಲ್ಲ ಆ ಚೀಟಿಯೊಂದೇ.

ನಿಮ್ಮ ಮುಂದೆ ಇರುವ ದಾರಿಗಳಲ್ಲಿ ತೀರಾ ಸಲೀಸಾದದ್ದು ಹೆಸರು, ಪೊಟ್ಟಣ ಎರಡನ್ನೂ ಬಿಟ್ಟು, ಬೇಕಾದವರು ನಿಮ್ಮ ಹೊಲಕ್ಕೇ ಬಂದು ಒಯ್ಯುವಂತೆ ಮಾಡುವುದು. ಕಾನೂನಿನ ತೊಡಕಿಲ್ಲ, ವ್ಯಾಪಾರ ಮಾತ್ರ ಕುಗ್ಗುತ್ತದೆ. ನಿಜಕ್ಕೂ ವ್ಯಾಪಾರ ಬೆಳೆಸುವ ಆಸೆ ಇದ್ದರೆ ಪರವಾನಗಿ ಪಡೆಯಿರಿ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ಅರ್ಜಿ ಎಲ್ಲಿ ಕೊಡಬೇಕೆಂದು ಹೇಳುತ್ತಾರೆ. ಒಬ್ಬರೇ ಹೊರುವುದು ಭಾರವೆನಿಸಿದರೆ ಅಕ್ಕಪಕ್ಕದ ಬೀಜ ಉಳಿಸುವ ಹೆಂಗಸರನ್ನು ಸೇರಿಸಿ ರೈತ ಉತ್ಪಾದಕರ ಕಂಪನಿಯ ಮೂಲಕ ಮಾಡಿ. ಹೊಸ ಕರಡು ಹೀಗೆಯೇ ಕಾಯ್ದೆಯಾದರೆ ನೋಂದಣಿ, ಕ್ಯೂಆರ್ ಕೋಡ್, ಕೇಂದ್ರದ ಜಾಲತಾಣದಲ್ಲಿ ಲೆಕ್ಕ ಎಲ್ಲವೂ ಬರುತ್ತವೆ. ದೊಡ್ಡ ಕಂಪನಿಗೆ ಇದು ಒಬ್ಬ ಗುಮಾಸ್ತರ ಕೆಲಸ, ನಿಮ್ಮಂಥವರಿಗೆ ವರ್ಷದ ಲಾಭ ತಿನ್ನುವ ಖರ್ಚು. ಕರಡಿನ ಬಗ್ಗೆ ನನ್ನ ಮುಖ್ಯ ತಕರಾರುಗಳಲ್ಲಿ ಇದೂ ಒಂದು: ಹಂಚಿಕೊಳ್ಳುವ ರೈತರಿಗೂ ಕೋಟಿಗಟ್ಟಲೆ ವಹಿವಾಟಿನ ಕಂಪನಿಗೂ ನಡುವೆ ಇರುವ, ಹತ್ತು ಕಿಲೊ ಬೀಜವನ್ನು ಪ್ರಾಮಾಣಿಕವಾಗಿ ಮಾರುವ ಸಣ್ಣ ಗುಂಪುಗಳಿಗೆ ಅದರಲ್ಲಿ ಸರಿಯಾದ ಜಾಗವಿಲ್ಲ.

ಇನ್ನೊಂದು ಸಾಧ್ಯತೆಯೂ ಇದೆ. ನಿಮ್ಮ ಅವರೆ ನಿಜಕ್ಕೂ ಬೇರೆಯೇ ಆಗಿದ್ದರೆ ಅದನ್ನು ರೈತರ ತಳಿಯಾಗಿ 2001ರ ಕಾಯ್ದೆಯಡಿ ನೋಂದಾಯಿಸಬಹುದು. ರೈತರಿಗೆ ಶುಲ್ಕವಿಲ್ಲ, ಆ ಕಾಯ್ದೆಯಡಿ ತಳಿ ನೋಂದಾಯಿಸುವ ಪ್ರಾಧಿಕಾರದ ಶಾಖಾ ಕಚೇರಿ ಶಿವಮೊಗ್ಗದಲ್ಲಿದೆ. ಬೆಳೆ ಅವರ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ. ಅರ್ಜಿ ಕೊಡುವುದಾದರೆ ನಿಮ್ಮೊಬ್ಬರ ಹೆಸರಿನಲ್ಲಿ ಬೇಡ, ಊರಿನವರ ಹೆಸರಿನಲ್ಲಿ ಕೊಡಿ. ಆ ಬೀಜ ಉಳಿದದ್ದು ಊರಿನ ಎಲ್ಲ ಮನೆಗಳ ಮಡಕೆಯಿಂದ. ತಳಿ ಬೇರೆ, ಏಕರೂಪ, ಸ್ಥಿರ ಎಂದು ಪರೀಕ್ಷೆಯಲ್ಲಿ ತೇರ್ಗಡೆಯಾಗಲು ಕೆಲವು ವರ್ಷ ಬೇಕು. ಬೀಜ ವ್ಯಾಪಾರದ ಪರವಾನಗಿಗೆ ಇದು ಬದಲಿಯೂ ಅಲ್ಲ.

ಯಾವ ದಾರಿ ಹಿಡಿದರೂ ಮುಂದಿನ ಪೊಟ್ಟಣ ಕಟ್ಟುವ ಮುನ್ನ ಒಂದು ಕೆಲಸ ಮಾಡಿ. ರಾಶಿಯ ಮೇಲೆ, ನಡುವೆ, ತಳದಿಂದ ಒಂದೊಂದು ಹಿಡಿ ತೆಗೆದು ಕಲಸಿ, ಅದರಿಂದ ಆರಿಸದೆ ನೂರು ಕಾಳು ಎಣಿಸಿ. ದಪ್ಪ ಕಾಳನ್ನೇ ಕೈ ಹುಡುಕುತ್ತದೆ, ಬಿಡಬೇಡಿ. ಒದ್ದೆ ಮಾಡಿ ಹಿಂಡಿದ ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟು, ಸುರುಳಿ ಸುತ್ತಿ, ನೆರಳಲ್ಲಿ ಇಡಿ. ಆರದಂತೆ ದಿನಕ್ಕೊಮ್ಮೆ ನೀರು ಚಿಮುಕಿಸಿ. ರಾಗಿಯಾದರೆ ಎಂಟನೆಯ ದಿನ ಬಿಚ್ಚಿ, ಬೇರು ಮತ್ತು ಚಿಗುರು ಎರಡೂ ನೆಟ್ಟಗಿರುವವನ್ನು ಮಾತ್ರ ಎಣಿಸಿ. ತುದಿ ಬಿರಿದು ನಿಂತದ್ದು, ಬೂಷ್ಟು ಹಿಡಿದದ್ದು ಲೆಕ್ಕಕ್ಕಿಲ್ಲ. ಪ್ರಮಾಣಿತ ರಾಗಿ ಬೀಜಕ್ಕೆ ನೂರಕ್ಕೆ 75 ಮೊಳೆಯಬೇಕೆಂಬುದು ಕನಿಷ್ಠ ಮಟ್ಟ. ಬಂದ ಸಂಖ್ಯೆ, ಪರೀಕ್ಷೆಯ ದಿನ, ಬಿತ್ತುವ ತಿಂಗಳು, ನಿಮ್ಮ ವಿಳಾಸ ಇಷ್ಟನ್ನು ಪೊಟ್ಟಣದ ಮೇಲೆ ಬರೆಯಿರಿ. ನೀವು ಅರವತ್ತು ಎಂದು ನಿಜ ಬರೆದರೂ ಕೊಳ್ಳುವವರಿಗೆ ಉಪಕಾರ, ಕಾಳು ಹೆಚ್ಚು ಹಾಕಿಕೊಳ್ಳುತ್ತಾರೆ.

ಈಗ ಟೊಮೆಟೊ. ‘ಯಾಕೆ ಹಿಡಿಯುವುದಿಲ್ಲ’ ಎಂಬ ನಿಮ್ಮ ಪ್ರಶ್ನೆ ಬೀಜ ಕಾನೂನಿನ ಸುಧಾರಣೆಗೆ ಇರುವ ನಿಜವಾದ ಕಾರಣವನ್ನೇ ಮುಟ್ಟುತ್ತದೆ. 1966ರ ಕಾಯ್ದೆ ಬರೆದಾಗ ಬೀಜವೆಂದರೆ ಬಹುಮಟ್ಟಿಗೆ ಸರ್ಕಾರಿ ಸಂಸ್ಥೆಗಳ ಬೀಜ. ಆ ಕಾಯ್ದೆಯ ಹಿಡಿತವೆಲ್ಲ ಸರ್ಕಾರ ಅಧಿಸೂಚಿಸಿದ, ಅಂದರೆ ಅಧಿಕೃತವಾಗಿ ಹೆಸರಿಸಿ ಪ್ರಕಟಿಸಿದ ತಳಿಗಳ ಮೇಲೆ. 1988ರ ಬೀಜ ನೀತಿಯ ನಂತರ ಖಾಸಗಿ ಹೈಬ್ರಿಡ್‌ಗಳು ತರಕಾರಿ ಹೊಲಗಳನ್ನು ಆವರಿಸಿದವು. ಅವುಗಳಲ್ಲಿ ಹೆಚ್ಚಿನವು ಅಧಿಸೂಚನೆಯೂ ಇಲ್ಲದೆ, ಕಡ್ಡಾಯ ನೋಂದಣಿಯೂ ಇಲ್ಲದೆ, ಕಂಪನಿಯೇ ತನ್ನ ಮಾತಿನ ಮೇಲೆ ಅಂಟಿಸುವ ಹಸಿರು ಚೀಟಿಯ ‘ನಿಜಚೀಟಿ ಬೀಜ’ವಾಗಿ ಮಾರಾಟವಾಗುತ್ತವೆ. ಪ್ರಮಾಣನ ಸಂಸ್ಥೆಯವರು ಹೊಲಕ್ಕೆ ಹೋಗಿ ನೋಡಿ ಕೊಡುವ ನೀಲಿ ಚೀಟಿ ಬೇರೆ. ಅಪರಾಧ ಸಾಬೀತಾದರೂ 1966ರ ಕಾಯ್ದೆಯಲ್ಲಿ ಮೊದಲ ಸಲದ ದಂಡ ಎಷ್ಟು ಗೊತ್ತೇ? 500 ರೂಪಾಯಿವರೆಗೆ. ಮತ್ತೆ ಮಾಡಿದರೆ 1000 ರೂಪಾಯಿವರೆಗೆ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಕೆಲವೇ ಟ್ರೇ ಸಸಿಯ ಲಾಭದಲ್ಲಿ ಕಟ್ಟಿಬಿಡಬಹುದಾದ ದಂಡ. ಹೀಗಾಗಿ ತಳಿಗಳ ಕಡ್ಡಾಯ ನೋಂದಣಿ, ನರ್ಸರಿಗಳ ನೋಂದಣಿ, ದಂಡದ ಏರಿಕೆ, ಈ ಮೂರಕ್ಕೂ ನಾನು ಮನಸಾರೆ ಪರ.

ಆದರೆ 30 ಲಕ್ಷ ದಂಡ ಹೋಗುವುದು ಸರ್ಕಾರದ ಖಜಾನೆಗೆ. ಅರ್ಧ ಎಕರೆ ಕಳೆದುಕೊಂಡ ನಿಮಗೆ ಅದರಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. ಬೆಳೆ ಕೆಟ್ಟವರಿಗೆ ಗೊತ್ತಾದ ಗಡುವಿನೊಳಗೆ, ತಾಲ್ಲೂಕು ಮಟ್ಟದಲ್ಲಿ, ವಕೀಲರಿಲ್ಲದೆ ಪರಿಹಾರ ಕೊಡಿಸುವ ವ್ಯವಸ್ಥೆ ಕರಡಿನಲ್ಲಿ ಕಾಣಲಿಲ್ಲ. ಜೈಲಿನ ಮಾತಿಗಿಂತ ಆ ಒಂದು ಕಲಂ ಸೇರಿದ್ದರೆ ರೈತರಿಗೆ ಹೆಚ್ಚು ಉಪಯೋಗವಾಗುತ್ತಿತ್ತು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಸದ್ಯಕ್ಕೆ ಇರುವ ದಾರಿ ಗ್ರಾಹಕರ ಆಯೋಗ. ಬೀಜ ಕೊಂಡ ರೈತರು ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ, ರಾಷ್ಟ್ರೀಯ ಬೀಜ ನಿಗಮ ಮತ್ತು ಆಂಧ್ರದ ರೈತರ ನಡುವಿನ ಪ್ರಕರಣದಲ್ಲಿ ಖಚಿತವಾಗಿ ಹೇಳಿದೆ. ಪ್ರಯೋಗಾಲಯಕ್ಕೆ ಕಳುಹಿಸಲೆಂದು ರೈತರು ಬೀಜ ಉಳಿಸಿಕೊಂಡಿರಬೇಕು ಎಂದು ನಿರೀಕ್ಷಿಸುವುದು ಸರಿಯಲ್ಲ ಎಂದೂ ಹೇಳಿದೆ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಸಸಿಯ ಚೀಟಿ ಅಮ್ಮನ ಹೆಸರಿನಲ್ಲಿದ್ದರೆ ದೂರುದಾರರು ಅವರೇ ಆಗಬೇಕು. ಹೊಲದಲ್ಲಿ ಬೆಳೆ ನಿಂತಿರುವಾಗಲೇ ತೋಟಗಾರಿಕೆ ಇಲಾಖೆಗೆ ಬರೆದುಕೊಟ್ಟು, ವಿಜ್ಞಾನಿಯೊಬ್ಬರಿಂದ ತಪಾಸಣೆ ಮಾಡಿಸಿ ಮಹಜರು ಬರೆಸಿದ್ದರೆ ನಿಮ್ಮ ಕೈ ಬಲವಾಗಿರುತ್ತಿತ್ತು. ಗಿಡ ಕಿತ್ತಾಗಿದೆ, ಅದು ನಿಮ್ಮ ಪ್ರಕರಣದ ದೊಡ್ಡ ದೌರ್ಬಲ್ಯ. ನರ್ಸರಿಯವರು ಈಗ ರಾಜಿಗೆ ಬಂದು ಮುಂದಿನ ಬೆಳೆಗೆ ಸಸಿ ಪುಕ್ಕಟೆ ಕೊಡುತ್ತೇವೆ ಎನ್ನಬಹುದು. ಒಪ್ಪಬಹುದು, ತಪ್ಪೇನಿಲ್ಲ. ‘ಇನ್ನಾವ ತಕರಾರೂ ಇಲ್ಲ’ ಎಂಬ ಕಾಗದಕ್ಕೆ ಸಹಿ ಕೇಳಿದರೆ ಮಾತ್ರ, ಸಸಿ ಕೈಗೆ ಬರುವ ಮೊದಲು ಹಾಕಬೇಡಿ.

ಹವಾಮಾನದ ವಾದಕ್ಕೆ ಬರೋಣ. ಬಿಸಿಲು ಹೆಚ್ಚಾದರೆ ಹೂವು ಉದುರುತ್ತದೆ. ಬಿಳಿನೊಣ ಹರಡುವ ನಂಜಿನಿಂದ ಎಲೆ ಮುದುಡಿ ಗಿಡ ಗಿಡ್ಡಾಗುತ್ತದೆ. ಚಳಿಗೆ ಕಾಯಿ ವಕ್ರವಾಗುವುದೂ ಉಂಟು. ಆದರೆ ಈ ತೊಂದರೆಗಳು ಕಾಯಿಯ ಜಾತಿಯನ್ನೇ ಗಿಡದಿಂದ ಗಿಡಕ್ಕೆ ಬದಲಿಸುವುದಿಲ್ಲ. ಹೈಬ್ರಿಡ್ ಟೊಮೆಟೊ ಬೀಜವನ್ನು ತಾಯಿ ಗಿಡದ ಮೊಗ್ಗಿನಿಂದ ಗಂಡು ಭಾಗವನ್ನು ಕೈಯಿಂದಲೇ ಕಿತ್ತು, ಬೇರೆ ಗಿಡದ ಪರಾಗ ಹಚ್ಚಿ ತಯಾರಿಸುತ್ತಾರೆ. ರಾಣೆಬೆನ್ನೂರು ಸುತ್ತಮುತ್ತ ಎಷ್ಟೋ ಹೆಣ್ಣುಮಕ್ಕಳ ದಿನಗೂಲಿ ಈ ಸೂಕ್ಷ್ಮ ಕೆಲಸದಿಂದಲೇ. ಮೊಗ್ಗು ಕೀಳುವುದು ತಡವಾದರೆ ತಾಯಿ ತನ್ನ ಪರಾಗವನ್ನೇ ಹಿಡಿಯುತ್ತದೆ. ಆಗ ಹೊಲದಲ್ಲಿ ಬೇರೆಯಾಗಿ ಕಾಣುವ ಗಿಡಗಳೆಲ್ಲ ಒಂದೇ ರೂಪದಲ್ಲಿರುತ್ತವೆ, ತಪ್ಪು ಬೀಜ ಕಂಪನಿಯದು. ಎರಡೇ ಬಗೆ ಇದ್ದು, ಎರಡೂ ತಮ್ಮೊಳಗೆ ಅಚ್ಚು ಹೊಯ್ದಂತೆ ಒಂದೇ ಆಗಿದ್ದು, ಟ್ರೇ ಟ್ರೇಯಾಗಿ ಗುಂಪುಗೂಡಿದ್ದರೆ ನರ್ಸರಿಯಲ್ಲಿ ಎರಡು ತಳಿಯ ಟ್ರೇ ಬೆರೆತಿವೆ. ಉದ್ದ, ಚಪ್ಪಟೆ, ದುಂಡು, ಸಣ್ಣದು ಎಂದು ಹಲವು ರೂಪ ಹೊಲದ ತುಂಬ ಚದುರಿದ್ದರೆ ಅದು ಹೈಬ್ರಿಡ್ ಹಣ್ಣಿನಿಂದಲೇ ತೆಗೆದ ಎರಡನೇ ತಲೆಮಾರಿನ ಬೀಜ. ಅಂದರೆ ಯಾರೋ ಬೇಕೆಂದೇ ಮಾಡಿದ ಮೋಸ.

ಈ ಮೂರರಲ್ಲಿ ನಿಮ್ಮದು ಯಾವುದು ಎಂಬುದು ನಿಮ್ಮ ಫೋಟೊಗಳಲ್ಲೇ ಇರಬಹುದು. ಒಂದೊಂದೇ ಗಿಡ, ಅದರ ಪಕ್ಕದ ಗಿಡ, ಇಡೀ ಸಾಲು ಕಾಣುವ ಚಿತ್ರಗಳನ್ನು ಬೇರೆ ಮಾಡಿ, ತೋಟಗಾರಿಕೆ ಇಲಾಖೆಯ ಅಥವಾ ಜಿಕೆವಿಕೆಯ (ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ) ತರಕಾರಿ ತಜ್ಞರೊಬ್ಬರಿಗೆ ತೋರಿಸಿ ಲಿಖಿತ ಅಭಿಪ್ರಾಯ ಕೇಳಿ. ಅದೇ ದಿನ ಸಸಿ ಕೊಂಡಿದ್ದ ಅಕ್ಕಪಕ್ಕದ ಊರಿನವರನ್ನು ಹುಡುಕಿ. ಇನ್ನಿಬ್ಬರ ಹೊಲದಲ್ಲೂ ಇದೇ ಆಗಿದ್ದರೆ ನಿಮ್ಮ ಕೈಬರಹದ ಚೀಟಿಗೆ ಹತ್ತು ಪಟ್ಟು ತೂಕ ಬರುತ್ತದೆ. ದೂರು ಕೊಡಲು ಎರಡು ವರ್ಷದ ಗಡುವಿದೆ. ಸುರಕ್ಷಿತವಾಗಿರಲು ಕಾಯಿ ಬೇರೆಯೆಂದು ನಿಮಗೆ ಮೊದಲು ಕಂಡ ದಿನದಿಂದಲೇ ಎಣಿಸಿ. ಆ ದಿನಕ್ಕೆ ಸಾಕ್ಷಿ ಫೋಟೊದ ಒಳಗೆ ಕೂತಿರುವ ತಾರೀಖು. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಪ್ರತಿಯಲ್ಲಿ ಅದು ಅಳಿಸಿಹೋಗಿರುತ್ತದೆ. ಫೋಟೊ ತೆಗೆದ ಮೊಬೈಲಿನಲ್ಲಿರುವ ಮೂಲ ಚಿತ್ರಗಳನ್ನೇ ಈ ವಾರ ತೆಗೆದಿಟ್ಟುಕೊಳ್ಳಿ.